ಒಕ್ಕದ ಹಾಕಿಯೂ ದೂರದರ್ಶನವೂ

ಹೂಮಳೆ ಸುರಿದು, ಕಾಫಿಯ ತೋಟಗಳು ನಾಲ್ಕು ದಿನ ಬೆಳ್ಳಗೆ ಅರಳಿ, ಆ ಕಂಪು ಇನ್ನೂ ಗಾಳಿಯಲ್ಲಿ ಉಳಿದಿರುವಾಗಲೇ ಕೊಡಗಿನಲ್ಲಿ ಮತ್ತೊಂದು ಋತು ಕಾಲಿಡುತ್ತದೆ. ಪಂಚಾಂಗದಲ್ಲಿ ಅದಕ್ಕೆ ಹೆಸರಿಲ್ಲ. ಜನರ ಬಾಯಲ್ಲಿ ಅದು 'ಹಾಕಿ ನಮ್ಮೆ'. ನಮ್ಮೆ ಎಂದರೆ ಕೊಡವ ಮಾತಿನಲ್ಲಿ ಹಬ್ಬ. ಮಾರ್ಚ್ ತಿಂಗಳ ಕೊನೆಯಿಂದ ಏಪ್ರಿಲ್ ಮುಗಿಯುವವರೆಗೆ ಕೊಡವ ಮನೆತನಗಳು ತಮ್ಮ ತಮ್ಮ ಹೆಸರನ್ನು ಅಂಗಿಯ ಬೆನ್ನ ಮೇಲೆ ಹೊತ್ತು ಮೈದಾನಕ್ಕೆ ಇಳಿಯುತ್ತವೆ. ನಾನು ಕೊಡವನಲ್ಲ. ಮಡಿಕೇರಿಯಲ್ಲಿ ಪಾಠ ಹೇಳಿ ಕೂದಲು ನರೆಸಿಕೊಂಡವನು. ಮೈದಾನದ ಗೆರೆಯ ಹೊರಗೆ ನಿಂತು ನೋಡುವುದಷ್ಟೇ ನನ್ನ ಪಾಲು. ಆದರೆ ಗೆರೆಯ ಹೊರಗೆ ನಿಂತವನಿಗೂ ಆಟದ ವಿಷಯದಲ್ಲಿ ಒಂದು ಅಭಿಪ್ರಾಯವಿರಬಾರದೆಂದು ಯಾವ ನಿಯಮದಲ್ಲಿಯೂ ಹೇಳಿಲ್ಲವಾದುದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ.

2025ರ ನಮ್ಮೆ ಮುದ್ದಂಡ ಒಕ್ಕದವರ ಆತಿಥ್ಯದಲ್ಲಿ ಮಡಿಕೇರಿಯ ಜನರಲ್ ತಿಮ್ಮಯ್ಯ ಕ್ರೀಡಾಂಗಣದಲ್ಲಿ ನಡೆಯಿತು. ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ತಮ್ಮನ ಮಗ ಆ ವೇಳೆಗೆ ಊರಿಗೆ ಬಂದಿದ್ದ. ಮೊದಲ ವಾರದ ಒಂದು ಮಧ್ಯಾಹ್ನ ಅವನನ್ನು ಕರೆದುಕೊಂಡು ಹೋದೆ. ಅವನು ಒಂದು ಗಂಟೆ ಮಾತಿಲ್ಲದೆ ನೋಡಿದ. ಆಮೇಲೆ, "ದೊಡ್ಡಪ್ಪ, ಇಷ್ಟು ದೊಡ್ಡ ಪಂದ್ಯಾವಳಿಯನ್ನು ಹೀಗೆ ಧೂಳಿನಲ್ಲಿ ಬಿಟ್ಟಿದ್ದಾರಲ್ಲ! ಆಯ್ದು ಎಂಟು ತಂಡ ಮಾಡಿ, ಒಂದೊಂದನ್ನು ಒಂದೊಂದು ಕಂಪನಿಗೆ ಹರಾಜು ಹಾಕಿ, ದೂರದರ್ಶನಕ್ಕೆ ಮಾರಿದರೆ ಕೋಟಿಗಟ್ಟಲೆ ಹಣ ಬರುತ್ತದೆ. ನಮ್ಮಲ್ಲಿ ಸಾಕರ್ ಎಷ್ಟು ಬೆಳೆದಿದೆ ನೋಡಿ" ಎಂದ. 'ನಮ್ಮಲ್ಲಿ' ಎಂದರೆ ಅವನ ಲೆಕ್ಕದಲ್ಲಿ ಅಮೆರಿಕ. ನಾನು ಆಗ ಉತ್ತರ ಹೇಳಲಿಲ್ಲ. ಪ್ರಶ್ನೆ ಅವನೊಬ್ಬನದೇ ಆಗಿದ್ದರೆ ಮನೆಯಲ್ಲಿಯೇ ತೀರಿಸಿಬಿಡಬಹುದಾಗಿತ್ತು. ಆದರೆ ಕೊಡಗಿನ ವಿದ್ಯಾವಂತ ತರುಣರಲ್ಲಿ ಅನೇಕರು ಇದೇ ಮಾತನ್ನು ಆಡುವುದನ್ನು ಕೇಳಿದ್ದೇನೆ. ಹಾಗಾಗಿ ಉತ್ತರವನ್ನು ನಾಲ್ಕು ಜನರ ಮುಂದೆ ಇಡುವುದು ಲೇಸೆನಿಸಿತು.

ಹಾಕಿ ನಮ್ಮೆಯ ಕಥೆ ಬಲ್ಲವರಿಗೆ ಹಳೆಯದು. ಆದರೂ ಹೊರಗಿನವರಿಗಾಗಿ ನಾಲ್ಕು ಮಾತು ಹೇಳಬೇಕು. ಬ್ಯಾಂಕಿನ ಉದ್ಯೋಗದಿಂದ ನಿವೃತ್ತರಾಗಿದ್ದ, ಹಾಕಿಯ ತೀರ್ಪುಗಾರರೂ ಆಗಿದ್ದ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದರು. ಆ ವರ್ಷ ಆಡಿದ್ದು 60 ಒಕ್ಕಗಳು. ಒಕ್ಕವೆಂದರೆ ಒಬ್ಬ ಮೂಲಪುರುಷನ ಸಂತತಿ. ಒಂದು ಐನ್‌ಮನೆ, ಒಂದು ಮನೆತನದ ಹೆಸರು. ತೋಟ, ಸೈನ್ಯ, ಸರ್ಕಾರಿ ಕೆಲಸ, ಬೆಂಗಳೂರು, ಪರದೇಶ ಎಂದು ಚದುರಿಹೋದ ಈ ಒಕ್ಕಗಳನ್ನು ವರ್ಷಕ್ಕೊಮ್ಮೆ ಒಂದೆಡೆ ಕೂಡಿಸಬೇಕೆಂಬುದು ಕುಟ್ಟಪ್ಪನವರ ಆಸೆ. ಮದುವೆಗೆ ಕರೆದರೆ ಬರದ ದಾಯಾದಿ, ಮನೆತನದ ತಂಡಕ್ಕೆ ಹನ್ನೊಂದನೆಯ ಆಟಗಾರ ಬೇಕೆಂದು ಕರೆದರೆ ಬರುತ್ತಾನೆ ಎಂಬ ಮನುಷ್ಯಸ್ವಭಾವದ ಗುಟ್ಟು ಅವರಿಗೆ ತಿಳಿದಿರಬೇಕು. ಪ್ರತಿ ವರ್ಷ ಒಂದು ಒಕ್ಕ ಆತಿಥೇಯ; ಬಟ್ಟಲಿಗೂ ಆ ಒಕ್ಕದ್ದೇ ಹೆಸರು. ಅಂತಿಮ ಪಂದ್ಯದ ದಿನ ಧ್ವಜವು ಮುಂದಿನ ವರ್ಷದ ಆತಿಥೇಯರ ಕೈಗೆ ಹೋಗುತ್ತದೆ. ಮಹಾಮಾರಿಯ ಕಾಲದಲ್ಲಿ, 2020ರಿಂದ 2022ರವರೆಗೆ, ನಮ್ಮೆ ನಡೆಯಲಿಲ್ಲ. ಕುಟ್ಟಪ್ಪನವರು 2020ರಲ್ಲಿಯೇ ತೀರಿಕೊಂಡರು. ಇನ್ನು ಇದು ಮುಗಿಯಿತು ಎಂದವರಿದ್ದರು. ಆದರೆ 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶಿಳ್ಳೆ ಊದಿತು. 2024ರ ಕುಂಡ್ಯೋಳಂಡ ಬಟ್ಟಲಿಗೆ 360 ಒಕ್ಕಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಮುದ್ದಂಡ ಬಟ್ಟಲಿಗೆ ಬಂದುವು 396.

ಈ 396 ಎಂಬ ಸಂಖ್ಯೆಯ ಮೇಲೆ ವಾಚಕರು ಒಂದು ನಿಮಿಷ ನಿಲ್ಲಬೇಕು. ಸೋತವರು ಹೊರಗೆ ಎಂಬ ಕ್ರಮದ ಪಂದ್ಯಾವಳಿಯಲ್ಲಿ ಒಂದೊಂದು ಪಂದ್ಯ ಒಂದೊಂದು ತಂಡವನ್ನು ಮನೆಗೆ ಕಳುಹಿಸುತ್ತದೆ. ಆದುದರಿಂದ 396ರಲ್ಲಿ ಒಂದನ್ನು ಉಳಿಸಿಕೊಳ್ಳಲು 395 ಪಂದ್ಯಗಳು ಬೇಕು. ಈ 395ರಲ್ಲಿ ಉತ್ತಮ ಹಾಕಿ ಎನ್ನಬಹುದಾದ ಪಂದ್ಯಗಳು ಎಷ್ಟು? ಉದಾರವಾಗಿ ಹೇಳಿದರೂ ಕೊನೆಯ ಮೂವತ್ತು ನಲವತ್ತು. ಉಳಿದವುಗಳಲ್ಲಿ ಏನಿರುತ್ತದೆ? ರಾಷ್ಟ್ರೀಯ ತಂಡಕ್ಕೆ ಆಡಿದವನೊಬ್ಬನ ಪಕ್ಕದಲ್ಲಿ ಅವನ ಚಿಕ್ಕಪ್ಪ, ಎರಡು ಹೆಜ್ಜೆ ಓಡಿ ಮೊಣಕಾಲು ಹಿಡಿದುಕೊಳ್ಳುವ ಅರುವತ್ತರ ಮನುಷ್ಯ. ಬಲ ಅಂಚಿನಲ್ಲಿ ತನಗಿಂತ ಅರ್ಧ ಅಡಿಯಷ್ಟೇ ಕಿರಿದಾದ ಕೋಲು ಹಿಡಿದ ಹತ್ತು ವರ್ಷದ ಹುಡುಗಿ. ಗೋಲಿನಲ್ಲಿ ಬೆಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ ಬಂದು ನಿದ್ದೆಗಣ್ಣಿನಲ್ಲಿಯೇ ನಿಂತ ಇಂಜಿನಿಯರ್. ಗಂಡಸರೂ ಹೆಂಗಸರೂ ಮಕ್ಕಳೂ ಒಂದೇ ತಂಡದಲ್ಲಿ. ಎಂಟು ಗೋಲು ತಿಂದು ಸೋತವರು ಗೆದ್ದವರ ಜೊತೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಮಾರನೆಯ ವರ್ಷ ಮತ್ತೆ ಬರುತ್ತಾರೆ. ಮೊದಲ ಸುತ್ತಿನಲ್ಲಿಯೇ ಸೋಲುವುದು ಖಂಡಿತವೆಂದು ತಿಳಿದೂ ಬರುತ್ತಾರೆ.

ಈಗ ತಮ್ಮನ ಮಗನ ಸಲಹೆಯನ್ನು ತೂಗಿ ನೋಡೋಣ. ದೂರದರ್ಶನಕ್ಕೆ ಬೇಕಾದದ್ದು ಆ ಕೊನೆಯ ಮೂವತ್ತು ಪಂದ್ಯಗಳು. ಉಳಿದ ಮುನ್ನೂರ ಅರುವತ್ತಕ್ಕೂ ಮಿಕ್ಕ ಪಂದ್ಯಗಳು ಅದಕ್ಕೆ ಬರಿಯ ಹೊಟ್ಟು. ಆದರೆ ಹಾಕಿ ನಮ್ಮೆಯ ಜೀವವಿರುವುದು ಆ ಹೊಟ್ಟಿನಲ್ಲಿಯೇ. ನನ್ನ ವಾದವೆಲ್ಲ ಇಷ್ಟೇ. ಮುಂದೆ ಹೇಳುವುದೆಲ್ಲ ಇದರ ವಿವರಣೆ.

ಅಮೆರಿಕದ ಉದಾಹರಣೆಯನ್ನು ಅವನೇ ಎತ್ತಿದ್ದರಿಂದ ಅಲ್ಲಿಗೇ ಹೋಗೋಣ. ನಾವು ಫುಟ್ಬಾಲ್ ಎನ್ನುವ ಆಟಕ್ಕೆ ಅಲ್ಲಿ ಸಾಕರ್ ಎಂದು ಹೆಸರು. ಆ ದೇಶದಲ್ಲಿ ಅದರ ವೃತ್ತಿಪರ ಸಂಘಟನೆಯ ಕಥೆ ಒಂದಲ್ಲ, ಎರಡು. ಮೊದಲನೆಯದು 1967ರಲ್ಲಿ ಮೊದಲಾಯಿತು. ಆ ವರ್ಷ ಹುಟ್ಟಿದ ಎರಡು ಪ್ರತಿಸ್ಪರ್ಧಿ ಲೀಗುಗಳಲ್ಲಿ ಒಂದಕ್ಕೆ ಚೆಂಡು ಉರುಳುವ ಮೊದಲೇ ಸಿ.ಬಿ.ಎಸ್. ಸಂಸ್ಥೆಯ ದೂರದರ್ಶನ ಒಪ್ಪಂದ ಕೈಯಲ್ಲಿತ್ತು. ನಲವತ್ತೈದು ನಿಮಿಷ ನಿಲ್ಲದೆ ಹರಿಯುವ ಆಟದಲ್ಲಿ ಜಾಹೀರಾತಿಗೆ ಜಾಗವೆಲ್ಲಿ? ಒಂದು ಪಂದ್ಯದಲ್ಲಿ ಊದಿದ 21 ಶಿಳ್ಳೆಗಳಲ್ಲಿ 11 ಜಾಹೀರಾತಿಗೆ ಬಿಡುವು ಮಾಡಿಕೊಡಲೆಂದೇ ಊದಿದವೆಂದು ತೀರ್ಪುಗಾರನೇ ಹೇಳಿದ್ದಾಗಿ ಆಗ ಪತ್ರಿಕೆಗಳಲ್ಲಿ ಬಂದು ದೊಡ್ಡ ರಾದ್ಧಾಂತವಾಯಿತು. ಮರುವರ್ಷ ಎರಡೂ ಕೂಡಿ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಆಯಿತು, ತಂಡಗಳು 17. ಆ ವರ್ಷ ಮುಗಿಯುತ್ತಲೂ ದೂರದರ್ಶನ ಕೈ ತೊಳೆದುಕೊಂಡಿತು. 1969ರಲ್ಲಿ ಉಳಿದ ತಂಡಗಳು ಐದು.

ಆದರೂ ಲೀಗ್ ಸಾಯಲಿಲ್ಲ. 1975ರಲ್ಲಿ ನ್ಯೂಯಾರ್ಕಿನ ಕಾಸ್ಮಾಸ್ ತಂಡ ಪೆಲೆಯವರನ್ನು ಕರೆತಂದಿತು. ಈ ತಂಡ 1977ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಈಡನ್ ಉದ್ಯಾನದಲ್ಲಿ ಮೋಹನ್ ಬಾಗಾನ್ ಮೇಲೆ ಆಡಿ ಎರಡು-ಎರಡು ಗೋಲಿನ ಸಮ ಮಾಡಿಕೊಂಡು ಹೋದದ್ದು ಹಿರಿಯ ವಾಚಕರಿಗೆ ನೆನಪಿರಬಹುದು. ಅದೇ ವರ್ಷ ಆಗಸ್ಟಿನಲ್ಲಿ ಕಾಸ್ಮಾಸ್ ತಂಡದ ಒಂದು ಪಂದ್ಯಕ್ಕೆ 77,691 ಜನ ಸೇರಿದ್ದರು. ಆ ಜನಸಂದಣಿ ಕಂಡು ಎಲ್ಲೆಡೆ ತಂಡ ಕಟ್ಟಿದರು. 1978ಕ್ಕೆ ಸಂಖ್ಯೆ 24ಕ್ಕೆ ಏರಿತು. 1979ರಲ್ಲಿ ಎ.ಬಿ.ಸಿ. ಸಂಸ್ಥೆಯ ಕ್ಯಾಮೆರಾಗಳು ಬಂದವು. ನೋಡುವವರು ನಿರೀಕ್ಷಿಸಿದಷ್ಟು ಸಿಗಲಿಲ್ಲ; ಎರಡು ವರ್ಷಗಳಲ್ಲಿ ಆ ಉತ್ಸಾಹ ಇಳಿಯಿತು. ಆಟಗಾರರ ಸಂಬಳ ಮಾತ್ರ ಇಳಿಯಲಿಲ್ಲ. 1984ರ ಪಂದ್ಯಗಳೊಡನೆ ಲೀಗೇ ಮುಚ್ಚಿಹೋಯಿತು. ಗೋಪುರ ಕಟ್ಟಿದ್ದರು, ತಳಪಾಯ ತೋಡಿರಲಿಲ್ಲ.

ಎರಡನೆಯ ಕಥೆ 1996ರಲ್ಲಿ ಹತ್ತು ತಂಡಗಳಿಂದ ಮೊದಲಾದ ಮೇಜರ್ ಲೀಗ್ ಸಾಕರಿನದು. ಇದು ತಾಳ್ಮೆಯ ಕಥೆ. 1999ರಲ್ಲಿ ಕೊಲಂಬಸ್ ನಗರದಲ್ಲಿ ಸಾಕರಿಗೆಂದೇ ಒಂದು ಕ್ರೀಡಾಂಗಣ ಕಟ್ಟಿದರು. ಬೇರೆ ಆಟಗಳ ಎಪ್ಪತ್ತು ಸಾವಿರ ಆಸನಗಳ ಬಯಲಿನಲ್ಲಿ ಇಪ್ಪತ್ತು ಸಾವಿರ ಜನ ಕಳೆದುಹೋಗುತ್ತಾರೆ. ತಮ್ಮದೇ ಅಂಗಳದಲ್ಲಿ ಅದೇ ಇಪ್ಪತ್ತು ಸಾವಿರ ಜನ ಸಮುದ್ರದಂತೆ ಮೊರೆಯುತ್ತಾರೆ. 2002ರ ವೇಳೆಗೆ ಎರಡು ತಂಡಗಳನ್ನು ಮುಚ್ಚಬೇಕಾಗಿ ಬಂದರೂ ಎದೆಗೆಡದೆ ಊರೂರಿಗೆ ಅಂಗಳ ಕಟ್ಟುತ್ತ ಹೋದರು. 2025ರಲ್ಲಿ ತಂಡಗಳು 30. ಅಂಗಳ ಮೊದಲು ಬಂದಿತು, ಹಣ ಆಮೇಲೆ ಬಂದಿತು. 2022ರಲ್ಲಿ ಆಪಲ್ ಸಂಸ್ಥೆಯೊಡನೆ ಹತ್ತು ವರ್ಷಕ್ಕೆಂದು ಮಾಡಿಕೊಂಡ ಒಪ್ಪಂದದ ಮೊತ್ತ 250 ಕೋಟಿ ಡಾಲರ್ ಎಂದು ವರದಿಯಾಯಿತು. 2023ರ ಜುಲೈಯಲ್ಲಿ ಮೆಸ್ಸಿ ಮಯಾಮಿಗೆ ಬಂದರು. ಆದರೂ ಪಂದ್ಯ ನೋಡಲು ಪ್ರತ್ಯೇಕ ಚಂದಾ ಕೊಡಬೇಕೆಂಬ ಏರ್ಪಾಡು ಮೂರೇ ವರ್ಷ ನಡೆದು 2025ಕ್ಕೆ ಕೊನೆಗೊಂಡಿತು. ಇಷ್ಟು ಬೆಳೆದ ಲೀಗಿಗೂ ದೂರದರ್ಶನದ ನಾಳೆ ಯಾವುದೆಂಬುದು ಇಂದಿಗೂ ತೀರ್ಮಾನವಾಗಿಲ್ಲ ಎನ್ನಬೇಕು.

ಇನ್ನೊಂದು ಸಂಗತಿ. ಆ ಲೀಗನ್ನು ಸೇರಲು ಸ್ಯಾನ್ ಡಿಯಾಗೋ ನಗರದ ತಂಡ 2023ರಲ್ಲಿ ಒಪ್ಪಿಕೊಂಡ ಪ್ರವೇಶಧನ 50 ಕೋಟಿ ಡಾಲರ್ ಎಂದು ಪ್ರಕಟವಾಯಿತು. ಹಾಕಿ ನಮ್ಮೆಗೆ ಬರುವ ಒಕ್ಕ ತರಬೇಕಾದದ್ದು ಅಜ್ಜ ಕೊಟ್ಟ ಹೆಸರು, ಹನ್ನೊಂದು ಜನ. ಅಲ್ಲಿ ಮೂವತ್ತು, ಇಲ್ಲಿ 396. ಇವೆರಡೂ ಬೇರೆ ಬೇರೆ ಜಾತಿಯ ಮರಗಳು. ಒಂದರ ಗೊಬ್ಬರ ಇನ್ನೊಂದರ ಬೇರನ್ನು ಸುಟ್ಟೀತು.

ಅಮೆರಿಕದ ಮಾತು ದೂರದ್ದಾಯಿತೆನ್ನುವವರು ನಮ್ಮ ದೇಶದ ಹಾಕಿಯನ್ನೇ ನೋಡಬಹುದು. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಬಂದಿತು. ದೂರದರ್ಶನದ ಅನುಕೂಲಕ್ಕಾಗಿ ಎರಡು ಅವಧಿಯ ಆಟವನ್ನು ನಾಲ್ಕಾಗಿ ಕತ್ತರಿಸಿದರು. 2008ಕ್ಕೆ ಅದು ಮುಗಿಯಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂದಿತು. ಕರ್ನಾಟಕ ಲಯನ್ಸ್ ಎಂಬ ತಂಡವೂ ಅದರಲ್ಲಿತ್ತು. ಒಂದೇ ವರ್ಷ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂದಿತು. 2017ರ ಪಂದ್ಯಗಳ ನಂತರ ನಿಂತಿತು. ಏಳು ವರ್ಷ ಮಲಗಿದ್ದು 2024ರ ಡಿಸೆಂಬರಿನಲ್ಲಿ ರೂರ್ಕೆಲಾದಲ್ಲಿ ಎದ್ದಿತು. ಈ ಇಪ್ಪತ್ತು ವರ್ಷಗಳಲ್ಲಿ ಮೂರು ಲೀಗುಗಳು ಹುಟ್ಟಿ, ಎರಡು ಸತ್ತು, ಒಂದು ನಿದ್ರಿಸಿ ಎದ್ದಿರುವಾಗ, ಯಾವ ಕಂಪನಿಯ ಹಂಗೂ ಇಲ್ಲದೆ ಹುಟ್ಟಿದ ಕರಡದ ಹಾಕಿ 60ರಿಂದ 396ಕ್ಕೆ ಬೆಳೆದಿದೆ. ದೂರದರ್ಶನದ ಒಪ್ಪಂದ ಮುರಿಯಿತೆಂದು ಅದು ನಿಂತದ್ದಿಲ್ಲ, ಒಪ್ಪಂದವೇ ಇರಲಿಲ್ಲವಲ್ಲ! ಬಾಡಿಗೆಯ ದೀಪ ಬಾಡಿಗೆ ಕೊಡುವವರೆಗೆ ಉರಿಯುತ್ತದೆ. ಮನೆಯ ದೀಪಕ್ಕೆ ಮನೆಯವರೇ ಎಣ್ಣೆ ಹಾಕುತ್ತಾರೆ.

ಹಾಗೆಂದ ಮಾತ್ರಕ್ಕೆ ನಾನು ದೂರದರ್ಶನದ ವೈರಿಯೆಂದಾಗಲಿ, ಹಣ ಕೆಟ್ಟದ್ದೆಂದು ಬೋಧಿಸುವ ಸನ್ಯಾಸಿಯೆಂದಾಗಲಿ ತಿಳಿಯಬಾರದು. ಎದುರು ಪಕ್ಷದ ವಾದದಲ್ಲಿ ತೂಕವಿದೆ. ಅದನ್ನು ಮರೆಮಾಚುವುದು ಅನ್ಯಾಯ.

ಮೊದಲನೆಯದಾಗಿ, ಒಕ್ಕದ ಹಾಕಿ ಆಟಗಾರನಿಗೆ ಸಂತೋಷ ಕೊಡುತ್ತದೆ, ಅನ್ನ ಕೊಡುವುದಿಲ್ಲ. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿ ಬೆಳ್ಳಿ ತಂದ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ಪನ್ನೇ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸಿನ ಚಿನ್ನದ ತಂಡದಲ್ಲಿದ್ದು 1988ರಲ್ಲಿ ನಾಯಕರಾದ ಎಂ.ಎಂ. ಸೋಮಯ್ಯ, ಇವರ ಕಾಲದಲ್ಲಿ ಸೈನ್ಯ, ರೈಲ್ವೆ, ಬ್ಯಾಂಕು, ವಿಮಾನ ಸಂಸ್ಥೆಗಳು ಹಾಕಿ ಬಲ್ಲ ಹುಡುಗನಿಗೆ ಉದ್ಯೋಗ ಕೊಡುತ್ತಿದ್ದವು. ಆ ಬಾಗಿಲುಗಳು ಈಗ ಅಷ್ಟು ಅಗಲವಾಗಿಲ್ಲ. 2012ರ ಕೊನೆಯಲ್ಲಿ ಹಾಕಿ ಇಂಡಿಯಾ ಲೀಗಿನ ಮೊದಲ ಹರಾಜಿನಲ್ಲಿ ಕೊಡಗಿನ ವಿ.ಆರ್. ರಘುನಾಥರಿಗೆ ಉತ್ತರ ಪ್ರದೇಶದ ತಂಡ 76,000 ಡಾಲರ್ ಕೂಗಿದಾಗ ಹಾಕಿ ಕೋಲು ಹಿಡಿದ ಎಷ್ಟು ಮನೆಗಳಲ್ಲಿ ತಾಯಿಯರ ಮುಖ ಅರಳಿತೋ! ಆ ಹಣ ದೂರದರ್ಶನದ ಆಸೆಯಿಂದಲೇ ಬಂದದ್ದು. ಇದನ್ನು ಬೇಡವೆನ್ನಲು ನಾನಾರು?

ಎರಡನೆಯದಾಗಿ, ಒಕ್ಕದ ಬಾಗಿಲು ಒಕ್ಕದವರಿಗೆ ಮಾತ್ರ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಭಾರತದ ಪರವಾಗಿ ಎರಡು ಒಲಿಂಪಿಕ್ಸ್ ಆಡಿದರು. ಆದರೆ ಕೊಡವ ಕುಟುಂಬದವರಲ್ಲವಾದ್ದರಿಂದ ಕೊಡಗಿನ ಅತಿ ದೊಡ್ಡ ಹಾಕಿ ಹಬ್ಬದಲ್ಲಿ ಅವರಿಗೆ ಒಂದು ತಂಡವಿಲ್ಲ. ಇದು ಯಾರ ತಪ್ಪೂ ಅಲ್ಲ. ಮನೆತನದ ಹಬ್ಬವೆಂದ ಮೇಲೆ ಮನೆತನದ ಎಲ್ಲೆ ಇದ್ದೇ ಇರುತ್ತದೆ. ಈ ಮಾದರಿಯನ್ನು ಕಂಡು ಗೌಡ ಕುಟುಂಬಗಳು ಕ್ರಿಕೆಟ್ ಪಂದ್ಯಾವಳಿಯನ್ನು ಕಟ್ಟಿಕೊಂಡವು. ಬೇರೆ ಸಮುದಾಯಗಳೂ ಹಾಗೆಯೇ ಮಾಡಿದವು. ಸುಂಟಿಕೊಪ್ಪದಲ್ಲಿ ಡಿ. ಶಿವಪ್ಪ ಸ್ಮಾರಕ ಬಟ್ಟಲಿನ ಫುಟ್ಬಾಲ್ ನಡೆಯುವಾಗ ಮಾತ್ರ ಯಾವ ಮನೆತನವೆಂದು ಕೇಳದೆ ಊರಿಗೆ ಊರೇ ಸೇರುತ್ತದೆ. ವೃತ್ತಿಪರ ಲೀಗಿನ ಒಂದು ದೊಡ್ಡ ಗುಣವೂ ಇದೇ: ಅದು ಕಾಲಿನ ಚಳಕ ಕೇಳುತ್ತದೆ, ಅಜ್ಜನ ಹೆಸರು ಕೇಳುವುದಿಲ್ಲ. ಗೆರೆಯ ಹೊರಗೆ ನಿಂತು ನೋಡುವ ನನ್ನಂಥವನಿಗೆ ಈ ಮಾತು ಬೇಗನೆ ಹೊಳೆಯುತ್ತದೆಂಬುದನ್ನು ಮುಚ್ಚಿಡಲಾರೆ.

ಮೂರನೆಯದು ಖರ್ಚಿನ ಮಾತು. ತಂಡಗಳು ಬೆಳೆದಂತೆ ಆತಿಥ್ಯದ ಭಾರವೂ ಬೆಳೆದಿದೆ. ಗ್ಯಾಲರಿ, ಊಟ, ವಸತಿ, ಬಹುಮಾನ ಎಲ್ಲ ಕೂಡಿದರೆ ಕೋಟಿ ರೂಪಾಯಿಯ ಲೆಕ್ಕ ಈಗ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಸರ್ಕಾರದ ಅನುದಾನ ಬರುತ್ತದೆ, ದಾನಿಗಳು ಬರುತ್ತಾರೆ. ಆದರೂ ದೊಡ್ಡ ಹೊರೆ ಒಕ್ಕದ ಹೆಗಲ ಮೇಲೆಯೇ. ಜನಬಲ, ಧನಬಲ ಎರಡೂ ಇರುವ ಒಕ್ಕ ಹೊತ್ತೀತು. ಐದು ಮನೆಯ ಪುಟ್ಟ ಒಕ್ಕ ಏನು ಮಾಡಬೇಕು? ಆಡುವ ಹಕ್ಕು ಎಲ್ಲರಿಗೂ ಇದ್ದು ಕರೆಯುವ ಹಕ್ಕು ಕೆಲವರಿಗೇ ಉಳಿದರೆ, ಕುಟ್ಟಪ್ಪನವರು ಕಟ್ಟಿದ ಸಮತೆ ಒಳಗಿನಿಂದಲೇ ಸವೆದೀತು. ದೂರದರ್ಶನದ ಭಯಕ್ಕಿಂತ ಈ ಭಯ ನನಗೆ ದೊಡ್ಡದಾಗಿ ಕಾಣುತ್ತದೆ.

ಹೀಗಿರುವಾಗ ಮಾಡಬೇಕಾದದ್ದೇನು? ನನ್ನ ಅಲ್ಪಮತಿಗೆ ತೋಚಿದ್ದನ್ನು ಹೇಳುತ್ತೇನೆ.

ಹಾಕಿ ನಮ್ಮೆಯನ್ನೂ ವೃತ್ತಿಪರ ಹಾಕಿಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಬಾರದು. ನಮ್ಮೆ ನಮ್ಮೆಯಾಗಿಯೇ ಇರಲಿ: ಹರಾಜು ಬೇಡ, ಆಯ್ದ ಎಂಟು ತಂಡ ಬೇಡ, ಒಕ್ಕದ ಹೆಸರಿನ ಮುಂದೆ ಕಂಪನಿಯ ಹೆಸರು ಬೇಡ. ಕ್ಯಾಮೆರಾ ಬರಲಿ, ಈಗಲೂ ಬರುತ್ತಿದೆ. ಸ್ಥಳೀಯ ವಾಹಿನಿಗಳು ಯೂಟ್ಯೂಬಿನಲ್ಲಿ ಬಿತ್ತರಿಸುವ ಪಂದ್ಯಗಳನ್ನು ಕೊಲ್ಲಿಯ ನಾಡುಗಳಲ್ಲಿ, ಅಮೆರಿಕದಲ್ಲಿ ಕುಳಿತವರು ನೋಡುತ್ತಾರೆ. ಆದರೆ ಕ್ಯಾಮೆರಾ ಅತಿಥಿಯಾಗಿ ಬರಬೇಕು. ಅತಿಥಿಗೆ ಮಣೆ ಹಾಕೋಣ. ಊಟದ ಹೊತ್ತನ್ನು ಅತಿಥಿ ನಿರ್ಧರಿಸುವುದು ಬೇಡ. ಕೊನೆಯ ಪಂದ್ಯಗಳನ್ನು ತೋರಿಸುವ ಹಕ್ಕು ಬೇಕೆನ್ನುವ ವಾಹಿನಿ ಮೊದಲ ಸುತ್ತಿನ ಪಂದ್ಯಗಳನ್ನೂ ತೋರಿಸಬೇಕು, ಅದೂ ನೋಡುಗರಿಂದ ಹಣ ಕೇಳದೆ, ಎಂಬ ಷರತ್ತನ್ನು ಕೊಡವ ಹಾಕಿ ಅಕಾಡೆಮಿ ಹಾಕಬಹುದು. ಬರುವ ಹಣ ಒಂದು ವರ್ಷದ ಆತಿಥೇಯರ ಪೆಟ್ಟಿಗೆಗೆ ಹೋಗದೆ ಸಾಮಾನ್ಯ ನಿಧಿಗೆ ಹೋದರೆ, ಐದು ಮನೆಯ ಒಕ್ಕವೂ ಒಂದು ದಿನ ಧ್ವಜವನ್ನು ಕೈಗೆ ತೆಗೆದುಕೊಳ್ಳುವ ಧೈರ್ಯ ಮಾಡೀತು.

ಆ ನಿಧಿಯ ಒಂದು ಪಾಲು ಕೊಡಗಿನ ಎಲ್ಲ ಮಕ್ಕಳ ಹಾಕಿಗೆ ಸಲ್ಲಬೇಕೆಂಬುದು ನನ್ನ ಎರಡನೆಯ ಬಿನ್ನಹ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಹಾಕಿ ಹುಲ್ಲನ್ನು ಬಿಟ್ಟು ಕೃತಕ ಹಾಸಿನ ಮೇಲೆ ನಡೆಯತೊಡಗಿತು. ಆ ವರ್ಷ ನಾವು ಏಳನೆಯ ಸ್ಥಾನಕ್ಕೆ ಕುಸಿದೆವು. 2012ರಲ್ಲಿ ಲಂಡನ್ನಿನಲ್ಲಿ ಆ ಹಾಸನ್ನು ನೀಲಿ ಮಾಡಿ ಚೆಂಡನ್ನು ಹಳದಿ ಮಾಡಿದರು. ಪರದೆಯ ಮೇಲೆ ಚೆಂಡು ಕಾಣಬೇಕಲ್ಲ! 2014ರಿಂದ ಅಂತರರಾಷ್ಟ್ರೀಯ ಪಂದ್ಯವೂ ನಾಲ್ಕು ಭಾಗವಾಯಿತು. ದೂರದರ್ಶನ ಆಟವನ್ನೇ ಬದಲಿಸಿದ ಮೇಲೆ, ಆ ಬದಲಾದ ಆಟವನ್ನು ಆಡಬಲ್ಲ ಮಕ್ಕಳನ್ನು ಬೆಳೆಸಲು ಹಣ ಬೇಕು. ಕೂಡಿಗೆಯ ಕ್ರೀಡಾಶಾಲೆಯಂಥ ಕಡೆ ಕಲಿಯುವ ಮಕ್ಕಳು ಎಲ್ಲ ಜಾತಿ, ಎಲ್ಲ ಭಾಷೆಗಳವರು. ಒಕ್ಕದ ಹಬ್ಬದ ಉಳಿತಾಯದಿಂದ ಒಕ್ಕವಿಲ್ಲದ ಹುಡುಗನೊಬ್ಬನ ಕೈಗೆ ಕೋಲು ಬಂದರೆ, ಆ ಹಬ್ಬ ಕೊಡವರದಾಗಿದ್ದೂ ಕೊಡಗಿನದಾಗುತ್ತದೆ.

ಮೂರನೆಯದು ಕರ್ನಾಟಕಕ್ಕೆ ಹೇಳುವ ಮಾತು. 2013ರಿಂದ 2017ರವರೆಗೆ ಹಾಕಿ ಇಂಡಿಯಾ ಲೀಗಿನಲ್ಲಿ ಕರ್ನಾಟಕದ ಹೆಸರಿನ ತಂಡವಿರಲಿಲ್ಲ. 2024ರ ಡಿಸೆಂಬರಿನಲ್ಲಿ ಮತ್ತೆ ಮೊದಲಾದಾಗ ಗಂಡಸರ ಎಂಟು ತಂಡಗಳಲ್ಲಿ ತಮಿಳುನಾಡಿನದಿತ್ತು, ಹೈದರಾಬಾದಿನದಿತ್ತು, ಬಂಗಾಳದ್ದಿತ್ತು, ನಮ್ಮದಿರಲಿಲ್ಲ. ಭಾರತಕ್ಕೆ ಇಷ್ಟು ಆಟಗಾರರನ್ನು ಕೊಟ್ಟ ನಾಡಿನ ಹುಡುಗರು ಪರರ ಬಣ್ಣದ ಅಂಗಿ ತೊಟ್ಟು ಆಡುವುದನ್ನು ನೋಡುತ್ತ ಕೂಡುವುದು ಬೆಂಗಳೂರಿನ ಶ್ರೀಮಂತ ಸಂಸ್ಥೆಗಳಿಗೆ ಭೂಷಣವಲ್ಲ. ತಮ್ಮನ ಮಗನ ಉತ್ಸಾಹಕ್ಕೆ ಸರಿಯಾದ ಜಾಗ ಅದು. ಹರಾಜು, ಕಂಪನಿ, ಕ್ಯಾಮೆರಾ ಎಲ್ಲ ಅಲ್ಲಿರಲಿ. ಅಂಥ ತಂಡವೊಂದು ಬಂದರೆ ಅದರ ಅರ್ಧ ಆಟಗಾರರನ್ನು ಒದಗಿಸುವ ಶಕ್ತಿ ಈ ಬೆಟ್ಟಗಳಿಗಿದೆ. ಆದರೆ ಅಮೆರಿಕದ ಎರಡು ಕಥೆಗಳಲ್ಲಿ ಎರಡನೆಯದನ್ನು ಓದಿಕೊಂಡು ಬರಲಿ: ಮೊದಲು ಅಂಗಳ, ಆಮೇಲೆ ಪರದೆ.

ಆ ಮಧ್ಯಾಹ್ನ ನಾವು ಕುಳಿತಿದ್ದ ಮೆಟ್ಟಿಲಿನ ಮೇಲೆ ನನ್ನ ಎಡಕ್ಕೆ ವಯಸ್ಸಾದ ಕೊಡವ ಹಿರಿಯರೊಬ್ಬರಿದ್ದರು. ಅವರ ಒಕ್ಕದ ಪಂದ್ಯ ಬೆಳಿಗ್ಗೆಯೇ ಮುಗಿದು ಸೋತೂ ಆಗಿತ್ತಂತೆ. ಆದರೂ ಮನೆಗೆ ಹೋಗಿರಲಿಲ್ಲ. ಮೈದಾನದಲ್ಲಿ ಓಡುತ್ತಿದ್ದವರನ್ನು ಒಬ್ಬೊಬ್ಬರಾಗಿ ತೋರಿಸಿ, ಇವನು ನನ್ನ ಅಕ್ಕನ ಮೊಮ್ಮಗ, ಅವಳು ನಮ್ಮ ಮನೆಯಿಂದ ಕೊಟ್ಟ ಹೆಣ್ಣಿನ ಮಗಳು ಎಂದು ಬೆರಳು ಮಡಚಿ ಎಣಿಸುತ್ತಿದ್ದರು. ತಮ್ಮನ ಮಗ ಕುತೂಹಲದಿಂದ, "ನಿಮ್ಮ ತಂಡ ಸೋತಿತಲ್ಲ, ಬೇಸರವಾಗಲಿಲ್ಲವೆ?" ಎಂದು ಕೇಳಿದ. ಅವರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಯಾರು ಗೆದ್ದರು ಅಂತ ನಾಳೆ ಪೇಪರಿನಲ್ಲಿ ಬರುತ್ತದೆ. ಯಾರು ಯಾರು ಬಂದಿದ್ದರು ಅಂತ ಬರೋದಿಲ್ಲ. ಅದನ್ನು ನಾನೇ ಬಂದು ನೋಡಬೇಕು" ಎಂದು ನಕ್ಕರು.

ತಮ್ಮನ ಮಗ ಮರುವಾರ ಅಮೆರಿಕಕ್ಕೆ ಹಿಂದಿರುಗಿದ. ಅಂತಿಮ ಪಂದ್ಯದ ದಿನ ಅಲ್ಲಿ ಇನ್ನೂ ಬೆಳಗಿನ ಜಾವ. ಎದ್ದು ಕುಳಿತು ಮೊಬೈಲಿನಲ್ಲಿ ಪಂದ್ಯವನ್ನು ನೋಡಿದನಂತೆ. ಮುಗಿದ ಮೇಲೆ ನನಗೆ ದೂರವಾಣಿ ಮಾಡಿದ. ಗೆದ್ದವರ ವಿಷಯ ಮಾತನಾಡುತ್ತಾನೆಂದುಕೊಂಡಿದ್ದೆ. ಅವನು ಕೇಳಿದ್ದು, "ದೊಡ್ಡಪ್ಪ, ಆ ದಿನ ಬಲ ಅಂಚಿನಲ್ಲಿ ಆಡುತ್ತಿದ್ದಳಲ್ಲ, ದೊಡ್ಡ ಕೋಲಿನ ಚಿಕ್ಕ ಹುಡುಗಿ, ಅವರ ತಂಡ ಎಷ್ಟನೆಯ ಸುತ್ತಿನವರೆಗೆ ಬಂದಿತು?" ಎಂದು. ಆ ದಿನವೇ ಸೋತರಪ್ಪಾ ಎಂದೆ. "ಮುಂದಿನ ವರ್ಷ ಬರುತ್ತಾರಲ್ಲ?" ಎಂದ. ಬರುತ್ತಾರೆ ಎಂದು ಹೇಳಿದೆ.